ಅಟ್ಟ ಖಾಲಿ ಮಾಡಿದ್ದು, ಕಿರೀಟ ಮಾಡಿದ್ದು

ಕೇರಳದ ಶಾಲೆಗಳಿಗೆ ಮಾರ್ಚ್ ಕೊನೆಗೆ ರಜೆ ಸಿಕ್ಕಿದರೆ ಮತ್ತೆ ಬಾಗಿಲು ತೆರೆಯುವುದು ಜೂನ್ ಮೊದಲಿಗೆ. ನಡುವಿನ ಎರಡು ತಿಂಗಳು ನಮ್ಮ ಕಾಸರಗೋಡು ಕಡೆಯ ಮನೆಗಳಿಗೆ ಬಿಸಿಲಿನ ಕಾಲ. ಹಪ್ಪಳ ಒಣಗಿಸುವುದು, ಏಪ್ರಿಲ್ ನಡುವಿಗೆ ಬರುವ ಹೊಸವರ್ಷದ ಬಿಸು ಹಬ್ಬಕ್ಕೆ ಮನೆ ಗುಡಿಸಿ ಒರೆಸುವುದು ಎಲ್ಲ ಇದೇ ಹೊತ್ತಿಗೆ. ಅಟ್ಟದ ಸಾಮಾನು ಇಳಿಸುವುದಿದ್ದರೂ ಆಗಲೇ ಇಳಿಸಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ಇದು. ಜೂನ್ ಬಂತೆಂದರೆ ಕಾಗದಕ್ಕೆ, ಬಟ್ಟೆಗೆ, ಚರ್ಮದ ಬ್ಯಾಗಿಗೆ ಎಲ್ಲ ಬೂಸು ಹಿಡಿಯುತ್ತದೆ. ಆಮೇಲೆ ದೀಪಾವಳಿಯವರೆಗೆ ಯಾರೂ ಅಟ್ಟದ ಸುದ್ದಿ ಎತ್ತುವುದಿಲ್ಲ.

ನಮ್ಮದು ಬದಿಯಡ್ಕದ ಹತ್ತಿರ ಹಂಚಿನ ಹಳೆ ಮನೆ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಅಟ್ಟದಲ್ಲಿ ಏನಿತ್ತು ಅಂತ ಪಟ್ಟಿ ಹಾಕುವುದಕ್ಕಿಂತ ಏನಿರಲಿಲ್ಲ ಅಂತ ಹೇಳುವುದೇ ಸುಲಭ. ಗಲ್ಫಿನಿಂದ ಬಂದ ಟ್ಯಾಂಗಿನ ಖಾಲಿ ಬಾಟಲಿಗಳು, ಕಂಬಳಿ ಬಂದ ದಪ್ಪ ಜಿಪ್ಪಿನ ಚೀಲಗಳು, ಹಿಡಿ ಮುರಿದ ಸೂಟ್‌ಕೇಸು, ಪ್ಲಾಸ್ಟಿಕ್ ತೊಟ್ಟೆಯೊಳಗೆ ತೊಟ್ಟೆ, ಅದರೊಳಗೆ ಮತ್ತೊಂದು ತೊಟ್ಟೆ. ಮದುವೆ, ಉಪನಯನ, ಗೃಹಪ್ರವೇಶದ ಕಾಗದಗಳು ಕಟ್ಟುಕಟ್ಟು. ಮಕ್ಕಳ ಹಳೆಯ ಪಠ್ಯಪುಸ್ತಕಗಳ ಮಾತಂತೂ ಕೇಳುವುದೇ ಬೇಡ. ಇಲ್ಲಿ ಒಂದು ವಿಷಯಕ್ಕೆ ಎರಡು ಮೂರು ಭಾಗ ಬರುತ್ತದೆ, ವರ್ಷ ವರ್ಷ ಅಟ್ಟಕ್ಕೆ ಏರುತ್ತದೆ.

ಮೊದಲು ದೊಡ್ಡವರೇ ಕೂತು ಮಾಡಬೇಕಾದ ಒಂದು ಕೆಲಸ ಇದೆ. ಕಾಗದದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಮದ್ರಾಸಿನ ಆಡಳಿತ. ಆ ಕಾಲದ ಜಾಗದ ಆಧಾರಗಳು ಕನ್ನಡದಲ್ಲೇ ಇರುತ್ತವೆ, ನೋಡಲು ರದ್ದಿ ಕಾಗದದ ಹಾಗೇ. ಈಗಿನ ಕಚೇರಿ ಕಾಗದ ಮಲಯಾಳದಲ್ಲಿ. ಎರಡೂ ಬೇಕು. ಎಸ್ಸೆಸ್ಸೆಲ್ಸಿ ಪುಸ್ತಕ, ಜನನ ಸರ್ಟಿಫಿಕೇಟು, ಭೂತೆರಿಗೆಯ ರಶೀದಿ ಇವನ್ನೆಲ್ಲ ತೆಗೆದು ಮುಚ್ಚಳ ಗಟ್ಟಿ ಇರುವ ಡಬ್ಬಕ್ಕೆ ಹಾಕಿ ಕಪಾಟಿನಲ್ಲಿಟ್ಟೆವು. ಅದಾಗುವವರೆಗೆ ಮಕ್ಕಳ ಕೈಗೆ ಕತ್ತರಿ ಕೊಡಲಿಲ್ಲ.

ಆಮೇಲೆ ಮಕ್ಕಳನ್ನು ಕರೆದೆ. "ಯಾವುದು ಬಿಸಾಡುವ?" ಎಂದು ಕೇಳಿದರೆ ಮಕ್ಕಳು ಒಂದನ್ನೂ ಬಿಡುವುದಿಲ್ಲ. ಚಕ್ರ ಇಲ್ಲದ ಕಾರೂ ಬೇಕು. ಅದಕ್ಕೆ ನಾನು ತಿರುಗಿಸಿ ಕೇಳಿದೆ: ಈ ಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಇಟ್ಟುಕೊಳ್ಳಿ, ಯಾವುದು ಬೇಕು ನೀವೇ ಆರಿಸಿ. ಬಾಳೆಹಣ್ಣಿನ ಪೆಟ್ಟಿಗೆ ಅದು, ಒಬ್ಬರಿಗೆ ಒಂದು. ಆರಿಸುವ ಕೆಲಸ ಬಂದಾಗ ಮಕ್ಕಳು ನಮಗಿಂತ ಕಟ್ಟುನಿಟ್ಟು. ಅತ್ತೆಗೆ ಇದೇ ಮಾತು ಹೇಳುವ ಧೈರ್ಯ ನನಗಿಲ್ಲ ಬಿಡಿ.

ಅತ್ತೆಯ ಮಾತು ಯಾವಾಗಲೂ "ಮುಂದೆ ಬೇಕಾದೀತು". ನಮ್ಮ ಕಾಲದಲ್ಲಿ ಅದಕ್ಕೆ ಇನ್ನೊಂದು ಹೆಸರು ಬಂದಿದೆ, "ಕ್ರಾಫ್ಟಿಗೆ ಬೇಕಾದೀತು". ಟಾಯ್ಲೆಟ್ ಪೇಪರಿನ ಕೊಳವೆ, ಐಸ್‌ಕ್ರೀಮ್ ಕಡ್ಡಿ, ಬಾಟಲಿ ಮುಚ್ಚಳ, ಎಲ್ಲ ಕ್ರಾಫ್ಟಿಗೆ. ಹೀಗೆ ಇಟ್ಟರೆ ಅಟ್ಟ ಖಾಲಿಯಾಗಿ ಮಕ್ಕಳ ಕೋಣೆ ಅಟ್ಟವಾಗುತ್ತದೆ, ಅಷ್ಟೇ. ಹಾಗಾಗಿ ನಮ್ಮ ಮನೆಯಲ್ಲಿ ಕ್ರಾಫ್ಟಿಗೆ ಅಂತ ಏನನ್ನೂ ಕೂಡಿಡುವುದಿಲ್ಲ. ಈ ವಾರ ಮಾಡುತ್ತೀರಾ, ತಕ್ಕೊಳ್ಳಿ. ಇಲ್ಲವಾ, ಹೊರಗೆ ಹೋಗಲಿ. ಮತ್ತೆ, ಆಟ ಮುಗಿದ ಮೇಲೆ ಈ ವಸ್ತು ಎಲ್ಲಿಗೆ ಹೋಗುತ್ತದೆ ಅಂತ ಮಾಡುವ ಮೊದಲೇ ಕೇಳಿಕೊಳ್ಳುತ್ತೇವೆ. ಮಣ್ಣಿಗೆ ಹೋಗುವುದಾದರೆ ಎಷ್ಟು ಬೇಕಾದರೂ ಮಾಡಬಹುದು.

ಮದುವೆ ಕಾಗದದಿಂದ ಶುರು ಮಾಡಿದೆವು. ಬಂಗಾರದ ಬಣ್ಣ, ಕೆಂಪು, ಉಬ್ಬು ಅಕ್ಷರ. ನೋಡಿದ ಕೂಡಲೇ ಮಗ "ಕಿರೀಟ" ಎಂದ. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ಅದು ಬಿಟ್ಟು ಬೇರೆ ಹೊಳೆಯುವುದೂ ಇಲ್ಲ. ಆದರೆ ಕಾಗದದ ಮೇಲೆಲ್ಲ ಗಣಪತಿ ಇದ್ದಾನೆ, ಕತ್ತರಿ ಹಾಕುವುದು ಹೇಗೆ? ಅತ್ತೆ ತೀರ್ಪು ಕೊಟ್ಟರು: ದೇವರ ಚಿತ್ರ ಮೊದಲು ಸುತ್ತ ಕತ್ತರಿಸಿ ತೆಗೆಯಿರಿ, ಬರೇ ಕಾಗದದ್ದಾದರೆ ಬಚ್ಚಲ ಒಲೆಗೆ ಕೊಡಿ, ಬೆಂಕಿಗೆ ಕೊಟ್ಟರೆ ದೋಷವಿಲ್ಲ. ಇಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಮೂಲೆ ಹರಿದು ನೋಡಿ. ತೆಳು ಪೊರೆ ಎಳೆದು ಬಂದರೆ ಅದಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಇದೆ. ಅದನ್ನು ಸುಡಬಾರದು, ಗೊಬ್ಬರಕ್ಕೂ ಹಾಕಬಾರದು, ಮೈದಾ ಅಂಟೂ ಅದಕ್ಕೆ ಹಿಡಿಯುವುದಿಲ್ಲ. ನಮ್ಮ ಕಟ್ಟಿನಲ್ಲಿ ಹಳೆ ಕಾಗದಗಳೆಲ್ಲ ಒಳ್ಳೆಯವು, ಹೊಸ ಮದುವೆಗಳದ್ದು ಜಾಸ್ತಿ ಪ್ಲಾಸ್ಟಿಕ್ಕೇ.

ಅಂಟು ಮನೆಯಲ್ಲೇ ಮಾಡಿದ್ದು. ಒಂದು ಲೋಟ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಒಟ್ಟು ನಾಲ್ಕೈದು ಲೋಟ ನೀರಾಗುವಷ್ಟು ಸೇರಿಸಿ, ಸಣ್ಣ ಉರಿಯಲ್ಲಿ ಬಿಡದೆ ತಿರುವಬೇಕು. ಬಿಳಿ ಹೋಗಿ ಹೊಳಪು ಬಂದಾಗ ಇಳಿಸಬೇಕು. ಹಿಂದೆ ಪುಸ್ತಕ ಬೈಂಡು ಮಾಡುವವರು ಹುಳ ಬಾರದಿರಲಿ ಅಂತ ಇದಕ್ಕೆ ಮೈಲುತುತ್ತು ಹಾಕುತ್ತಿದ್ದರು. ಅಡಿಕೆ ತೋಟದವರ ಮನೆಯಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ಇದ್ದೇ ಇರುತ್ತದೆ, ಕೈ ಅತ್ತ ಹೋಗುವುದು ಸಹಜ. ಮಕ್ಕಳ ಅಂಟಿಗೆ ಅದು ಬೇಡ, ವಿಷ. ಆಯಾ ದಿನದ್ದು ಆಯಾ ದಿನ ಮಾಡಿ ಮುಗಿಸಿದರೆ ಸಾಕು.

ಕಿರೀಟ ಹೀಗೆ: ಪೆಟ್ಟಿಗೆಯ ರಟ್ಟಿನಿಂದ ನಾಲ್ಕು ಬೆರಳು ಅಗಲದ ಪಟ್ಟಿ. ತಲೆಯ ಸುತ್ತ ಪೂರ್ತಿ ಬರುವುದು ಬೇಡ. ಹಿಂದೆ ಸ್ವಲ್ಪ ಜಾಗ ಬಿಟ್ಟು, ತುದಿಗಳಿಗೆ ತೂತು ಮಾಡಿ ದಾರ ಕಟ್ಟಿದರೆ ಅಣ್ಣನಿಗೂ ಆಗುತ್ತದೆ, ತಂಗಿಗೂ ಆಗುತ್ತದೆ. ಅದರ ಮೇಲೆ ಮುಂಭಾಗಕ್ಕೆ ರಟ್ಟು ನಿಲ್ಲಿಸಬೇಕು. ಮಗನಿಗೆ ರಕ್ಕಸನ ಕೇಸರಿ ತಟ್ಟಿಯೇ ಆಗಬೇಕಿತ್ತು, ಅಂದರೆ ತಲೆಯ ಹಿಂದೆ ದೊಡ್ಡ ಚಕ್ರ. ರಟ್ಟಿನ ಚಕ್ರ ಅರ್ಧ ಗಂಟೆಯಲ್ಲಿ ಬಾಗಿ ಬೀಳುತ್ತದೆ. ಹಿಂಬದಿಗೆ ತೆಂಗಿನ ಕಡ್ಡಿಗಳನ್ನು ನಡುವಿನಿಂದ ಅಂಚಿಗೆ ಹರಡಿ, ಮೇಲೆ ಇನ್ನೊಂದು ಪದರ ಕಾಗದ ಅಂಟಿಸಿ, ಒದ್ದೆ ಇರುವಾಗಲೇ ಕಡೆಯುವ ಕಲ್ಲಿನ ಕೆಳಗೆ ಇಟ್ಟೆವು. ಇಲ್ಲದಿದ್ದರೆ ಮೈದಾ ಅಂಟಿನ ಕಾಗದ ಒಣಗುವಾಗ ಸುರುಟಿಕೊಳ್ಳುತ್ತದೆ. ಮಾರನೆ ದಿನ ಬಿಸಿಲಿಗಿಟ್ಟಾಗ ಗಟ್ಟಿಯಾಗಿ ನಿಂತಿತು. ಭುಜಕೀರ್ತಿ, ಎದೆಪದಕಕ್ಕೆ ಉಳಿದ ಕಾಗದ ಸಾಕಾಯಿತು. ಹೊಳೆಯುವ ಅಂಚಿಗೆ ಅತ್ತೆಯ ಹರಿದ ಸೀರೆಯ ಜರಿ.

ಬಣ್ಣಕ್ಕೆ ಅಂಗಡಿಗೆ ಹೋಗಲಿಲ್ಲ. ಅರಸಿನ ಹಳದಿ, ಮಸಿ ಕಪ್ಪು, ಅರಸಿನಕ್ಕೆ ಎಲೆಯಡಿಕೆಯ ಸುಣ್ಣ ಸೇರಿದರೆ ಕೆಂಪು. ಆ ಕೆಂಪು ಬರುವ ಕ್ಷಣ ನೋಡಲು ಮಕ್ಕಳು ಮತ್ತೆ ಮತ್ತೆ ಕಲಸಿಸಿದರು. ಸುಣ್ಣ ಕಣ್ಣಿಗೆ ಹೋದರೆ ಸುಡುತ್ತದೆ, ಅದರಿಂದ ಸುಣ್ಣದ ಕೆಲಸ ದೊಡ್ಡವರದ್ದೇ. ಈ ಬಣ್ಣ ಬಿಸಿಲಿಗೆ ಬೇಗ ಮಂಕಾಗುತ್ತದೆ. ಆಗಲಿ.

ಅಡಿಕೆ ಹಾಳೆಯ ಕೆಲಸ ಇದಕ್ಕಿಂತ ಸುಲಭ, ನನಗೆ ಇದೇ ಹೆಚ್ಚು ಇಷ್ಟ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಒಣಗಿ ಸೆಟೆದಿರುತ್ತದೆ. ಹಾಗೇ ಮಡಚಿದರೆ ಸೀಳುತ್ತದೆ. ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ, ಬಟ್ಟೆಯಷ್ಟು ಮೆದುವಾಗುತ್ತದೆ. ಆಗ ಬೇಕಾದ ಆಕಾರಕ್ಕೆ ಮಡಚಿ, ತೆಂಗಿನ ಕಡ್ಡಿಯಿಂದ ಚುಚ್ಚಿ ನಿಲ್ಲಿಸಿ ಒಣಗಿಸಿದರೆ ಅದೇ ಆಕಾರ ಉಳಿಯುತ್ತದೆ. ಮಗಳು ಬಳಪ ಪೆನ್ಸಿಲ್ ಇಡಲು ದೋಣಿಯಾಕಾರದ ತಟ್ಟೆ ಮಾಡಿದಳು, ಎರಡು ಕಣ್ಣು ಕೊರೆದು ಮುಖವಾಡ ಮಾಡಿದಳು. ಒಳಬದಿಯ ನುಣುಪಿನಲ್ಲಿ ಮಸಿಯಿಂದ ಚಿತ್ರ ಚೆನ್ನಾಗಿ ಬರುತ್ತದೆ. ಮುಟ್ಟಾಳೆ, ಅಂದರೆ ಹಾಳೆಯ ಟೋಪಿ, ಮಾತ್ರ ನಮಗೆ ಬರಲಿಲ್ಲ. ಅದರ ನೆರಿಗೆ ಹಾಕುವುದು ಕೈಪಳಗಿದವರ ಕೆಲಸ, ಸುಮ್ನೆ ವಿಡಿಯೋ ನೋಡಿ ಕಲಿಯುವಂಥದ್ದಲ್ಲ. ಇನ್ನು ಉದ್ದ ಎಲೆ ಸಹಿತ ಇರುವ ಹಾಳೆಗೆ ಏನೂ ಮಾಡಬೇಕಾಗಿಲ್ಲ. ಒಬ್ಬರು ಕೂರುವುದು, ಒಬ್ಬರು ಎಳೆಯುವುದು. ಅಂಗಳ ಸವೆಯುವವರೆಗೆ ಎಳೆದರು.

ತೆಂಗಿನ ಓಲೆಯ ಆಟಿಕೆಗಳಿಗೆ ಗುರು ಅತ್ತೆ. ಅಟ್ಟ ಖಾಲಿ ಮಾಡುವುದಕ್ಕೆ ಅವರ ವಿರೋಧ ಇತ್ತು, ಬಾಗಿಲಲ್ಲಿ ನಿಂತು ಪ್ರತಿ ಗೋಣಿಯನ್ನೂ ಬಿಚ್ಚಿಸಿ ನೋಡುತ್ತಿದ್ದರು. ಅವರ ಕೈಗೆ ಹಸಿ ಓಲೆ ಕೊಟ್ಟ ಮೇಲೆ ಜಗಲಿಯಲ್ಲಿ ಕೂತರು. ಪೀಪಿ, ಗಿರಗಟ್ಟೆ, ಹಾವು, ವಾಚು, ಚೆಂಡು. ಪೀಪಿಗೆ ಓಲೆಯ ಕಡ್ಡಿ ತೆಗೆದು, ಸಣ್ಣ ತುದಿಯಿಂದ ಸುರುಳಿ ಸುತ್ತುತ್ತಾ ದೊಡ್ಡದು ಮಾಡುತ್ತಾ ಹೋಗಿ ಕಡ್ಡಿ ಚುಚ್ಚುವುದು. ಬಾಯಿಯ ಹತ್ತಿರ ತೂತು ಚಪ್ಪಟೆಯಾಗಿರಬೇಕು, ಇಲ್ಲದಿದ್ದರೆ ಬರೇ ಗಾಳಿ. ಸ್ವರ ಬಂದ ಮೇಲೆ ಮನೆಯಲ್ಲಿ ಮಧ್ಯಾಹ್ನ ಯಾರೂ ಮಲಗಲಿಲ್ಲ. ಆ ಹೊತ್ತಿಗೆ ನಾನು ಟ್ಯಾಂಗಿನ ಬಾಟಲಿಗಳನ್ನು ಹಿತ್ತಲ ಬಾಗಿಲಿನಿಂದ ಸಾಗಿಸಿದೆ. ಅತ್ತೆಗೆ ಗೊತ್ತಾಗಲಿಲ್ಲ ಅಂತ ಅಲ್ಲ, ಗೊತ್ತಾದರೂ ಓಲೆ ಬಿಟ್ಟು ಏಳಲಿಲ್ಲ.

ಬಟ್ಟೆಯಲ್ಲಿ ಹತ್ತಿಯದ್ದು ಮಾತ್ರ ಇಟ್ಟುಕೊಂಡೆವು. ಹಳೆ ಮುಂಡು, ನೂಲಿನ ಸೀರೆಯನ್ನು ಉದ್ದಕ್ಕೆ ಮೂರು ಬೆರಳು ಅಗಲ ಹರಿದು, ಮೂರೆಳೆ ಜಡೆ ಹಾಕಿ, ಜಡೆಯನ್ನು ಸುರುಳಿ ಸುತ್ತಿ ಸೂಜಿದಾರದಲ್ಲಿ ಹೊಲಿದರೆ ಕಾಲೊರೆಸು. ಪಾಲಿಯೆಸ್ಟರ್ ಜಾರುತ್ತದೆ, ನೀರೂ ಹೀರುವುದಿಲ್ಲ.

ಹೊರಗೆ ಹೋದದ್ದರ ಲೆಕ್ಕವನ್ನೂ ಹೇಳಬೇಕು ಅಲ್ವಾ. ಕಬ್ಬಿಣ, ಅಲ್ಯೂಮಿನಿಯಂ, ಪೇಪರು ಗುಜರಿಯವರಿಗೆ. ಪ್ಲಾಸ್ಟಿಕ್, ಮನೆಮನೆಯ ಕಸ ಒಯ್ಯುವ ಹರಿತ ಕರ್ಮಸೇನೆಯವರಿಗೆ. ನಮ್ಮ ಪಂಚಾಯತಿನಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಮನೆಗೇ ಬರುತ್ತಾರೆ, ತಿಂಗಳಿಗೆ 50 ರೂಪಾಯಿ. ತೊಳೆದು ಒಣಗಿಸಿ ಕೊಡಬೇಕು. ತೊಟ್ಟೆಗಳನ್ನು ತೊಳೆದು ಬಟ್ಟೆಯ ಹಾಗೆ ಹಗ್ಗಕ್ಕೆ ಹಾಕುವ ಕೆಲಸ ಮಕ್ಕಳಿಗೆ ಕೊಟ್ಟೆ. ಅಂಗಡಿಯ ಫೋಮ್ ಶೀಟು, ಗ್ಲಿಟ್ಟರು, ಥರ್ಮೋಕೋಲು ಬೇಕು ಅಂತ ಅವರು ಆಮೇಲೆ ಕೇಳಿದ್ದು ಕಡಿಮೆ. ತೊಳೆಯುವ ಕೈಗೆ ಅದರ ಕಷ್ಟ ಗೊತ್ತು. ಗ್ಲಿಟ್ಟರ್ ಅಂತೂ ಒಮ್ಮೆ ಚೆಲ್ಲಿದರೆ ಮುಗಿಯಿತು, ಗುಡಿಸಿದ್ದು ಅಂಗಳಕ್ಕೆ, ಅಂಗಳದಿಂದ ತೋಡಿಗೆ. ಥರ್ಮೋಕೋಲನ್ನು ನಮ್ಮ ಗುಜರಿಯವರು ಮುಟ್ಟುವುದೂ ಇಲ್ಲ.

ಮಕ್ಕಳ ಶಾಲೆಯಲ್ಲಿ ವೃತ್ತಿ ಪರಿಚಯ ಮೇಳಕ್ಕೂ ಇದು ಉಪಕಾರವಾಯಿತು. ಅಲ್ಲಿ ಮನೆಯಲ್ಲಿ ಮಾಡಿ ತಂದದ್ದು ನಡೆಯುವುದಿಲ್ಲ, ಮೂರು ಗಂಟೆ ಕೊಡುತ್ತಾರೆ, ಕಣ್ಣೆದುರು ಕೂತು ಮಾಡಬೇಕು. ಪುಸ್ತಕ ಬೈಂಡಿಂಗ್ ಹೀಗೆ ಬೇರೆ ಬೇರೆ ವಿಭಾಗಗಳು. ಅಂಟು ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಒತ್ತಿಡಬೇಕು ಅಂತ ಮಗಳಿಗೆ ಈಗ ಕೈಗೇ ಗೊತ್ತು. ಈ ಸಲ ಬೈಂಡಿಂಗಿಗೆ ಹೆಸರು ಕೊಡುವೆ ಎನ್ನುತ್ತಿದ್ದಾಳೆ.

ಮಳೆ ಹಿಡಿದ ಮೇಲೆ ಕಿರೀಟಕ್ಕೆ ಬೂಸು ಬಂತು, ಮೈದಾ ವಾಸನೆಗೆ ಬೆಳ್ಳಿಹುಳ ಬಂತು. ಮಗ ಫೋಟೋ ತೆಗೆಸಿಕೊಂಡು, ಜರಿ ಕಿತ್ತು ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ತಾನೇ ಗೊಬ್ಬರ ಗುಂಡಿಗೆ ಹಾಕಿ ಬಂದ. ಹಾಳೆಯ ಮುಖವಾಡವೂ ಅಲ್ಲಿಗೇ ಹೋಯಿತು. ಅಟ್ಟದಲ್ಲಿ ಈಗ ಉಳಿದಿರುವುದು ಹೆಸರು ಕೊರೆಸಿದ ಉಡುಗೊರೆಯ ಸ್ಟೀಲು ಪಾತ್ರೆಗಳು ಮತ್ತು ಆ ಸೂಟ್‌ಕೇಸು. ಪಾತ್ರೆ ಯಾರಿಗೆ ಕೊಟ್ಟರೂ ಕೊಟ್ಟವರ ಹೆಸರು ಎದ್ದು ಕಾಣುತ್ತದೆ, ಊರಲ್ಲಿ ಎಲ್ಲರೂ ನೆಂಟರೇ. ಸೂಟ್‌ಕೇಸಿನ ಬೀಗದ ಕೈ ಅತ್ತೆಯ ಸೊಂಟದಲ್ಲಿದೆ. ಅದರ ಮಾತು ಮುಂದಿನ ಬಿಸುವಿಗೆ ನೋಡುವ ಎಂದಿದ್ದಾರೆ.