ಮುಂದಿನ ಬ್ರೇಕ್ ಡಿಸ್ಕ್ ಮನೆಯಲ್ಲೇ ಬದಲಿಸುವುದು

ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಘಾಟಿ ಹತ್ತಿಳಿಯುವ ಬೈಕಿನ ಪ್ಯಾಡಿಗೆ ಕೆಸರು, ಮರಳು ಸಿಕ್ಕಿ ಡಿಸ್ಕ್ ಬೇಗ ಸವೆಯುತ್ತದೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತದೆ. ಅಂಚಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ, ಅಲ್ಲಿ ಸವೆತವೇ ಇರುವುದಿಲ್ಲ. ಪ್ಯಾಡ್ ಉಜ್ಜುವ ಜಾಗದಲ್ಲಿ ಮೈಕ್ರೋಮೀಟರ್ ಹಿಡಿಯಿರಿ.

ಬೈಕನ್ನು ಅಲುಗಾಡದಂತೆ ನಿಲ್ಲಿಸಿ ಮುಂಚಕ್ರ ಬಿಚ್ಚಿ. ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದಿರುವ ಭಾಗ) ತನ್ನ ಬ್ರೇಕ್ ಹೋಸಿಗೆ ಜೋತುಬೀಳದಂತೆ ಹಗ್ಗದಲ್ಲಿ ಕಟ್ಟಿ. ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಲೇಬೇಡಿ, ಕ್ಯಾಲಿಪರ್ ಒಳಗೆ ಪ್ಯಾಡ್ ತಳ್ಳುವ ಪಿಸ್ಟನ್ ಹೊರಬರುತ್ತದೆ.

ಕೆಲಸ ಕೆಡುವುದು ಡಿಸ್ಕ್ ಬೋಲ್ಟುಗಳಲ್ಲಿ. ಥ್ರೆಡ್‌ಲಾಕ್ ಅಂಟಿನ ಜೊತೆ ನಮ್ಮ ಮಳೆಯ ತುಕ್ಕೂ ಸೇರಿರುತ್ತದೆ. ಬೋಲ್ಟಿನ ಗುಳಿಯ ಮಣ್ಣು ಕೆರೆದು, ಹೀಟ್ ಗನ್‌ನಿಂದ ಬಿಸಿ ಮಾಡಿ, ಬೋಲ್ಟ್ ಬಿಚ್ಚುವ ಕೀಯನ್ನು ಸುತ್ತಿಗೆಯಿಂದ ತಟ್ಟಿ ಪೂರ್ತಿ ಕೂರಿಸಿದ ಮೇಲೇ ತಿರುಗಿಸಿ. ಅರ್ಧ ಕೂತ ಕೀ ಬೋಲ್ಟಿನ ತಲೆ ತಿಂದುಹಾಕುತ್ತದೆ.

ಡಿಸ್ಕ್ ಕೂರುವ ಹಬ್ (ಚಕ್ರದ ನಡುಭಾಗ) ಮೇಲಿನ ತುಕ್ಕು ಚೂರೂ ಉಳಿಯಬಾರದು; ಉಳಿದರೆ ಹೊಸ ಡಿಸ್ಕ್ ಓಲಾಡಿ ಲಿವರ್ ಮಿಡಿಯುತ್ತದೆ. ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಹೊಸ ಬೋಲ್ಟಿಗೆ ಥ್ರೆಡ್‌ಲಾಕ್ ಹಚ್ಚಿ, ಎದುರುಬದುರಾಗಿ, ಮ್ಯಾನುಯಲ್ ಹೇಳಿದ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿಯಿರಿ. ಡಿಸ್ಕಿಗೆ ಸೀಮೆಎಣ್ಣೆ ಬೇಡ, ಬ್ರೇಕ್ ಕ್ಲೀನರ್‌ನಲ್ಲೇ ಒರೆಸಿ. ಪ್ಯಾಡೂ ಹೊಸದೇ ಹಾಕಿ.

ಹೊರಡುವ ಮುಂಚೆ ಲಿವರ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ ಬಿಡುತ್ತಿರಿ. ಡಿಸ್ಕ್, ಪ್ಯಾಡ್ ಹೊಂದಿಕೊಳ್ಳುವ ತನಕ ಘಾಟಿಗಿಳಿಯದೆ ಸಮತಟ್ಟು ರಸ್ತೆಯಲ್ಲೇ ಹದವಾಗಿ ಬ್ರೇಕ್ ಹಿಡಿಯುತ್ತ ಓಡಿಸಿ.