ಶಿಕ್ಷಕರ ಒತ್ತಡ ಮತ್ತು ಭರವಸೆಯನ್ನು ಬ್ಯಾಂಡ್ ಕೃತಿಯಾಗಿಸುವ ಕ್ರಮ

ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಗೆಂದು ತುಮಕೂರಿನಲ್ಲಿ ನಾಲ್ಕೈದು ನಿಮಿಷಗಳ ಬ್ಯಾಂಡ್ ಕೃತಿಯೊಂದನ್ನು ರಚಿಸುವವರು ಮೊದಲು ವಾದ್ಯಗಳನ್ನು ಬದಿಗಿಟ್ಟು ಶಿಕ್ಷಕರ ಮಾತನ್ನು ಕೇಳಬೇಕು. ಇಂದು ಪಾಠಕ್ಕೆ ಅಡ್ಡಬಂದದ್ದೇನು ಎಂದು ವಿಚಾರಿಸಿದರೆ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿಯ ಕೆಲಸ, ಪಾವಗಡದ ಕಡೆಗೆ ಹೊರಡುವ ಮುಂಜಾನೆಯ ಬಸ್ಸು ಎಲ್ಲವೂ ಒಂದೊಂದಾಗಿ ಹೊರಬರುತ್ತವೆ.

ಆ ಮಾತುಗಳಲ್ಲಿಯೇ ಲಯವಿದೆ. ಮೊಬೈಲಿಗೆ ಬರುವ "ಈಗಲೇ ಕಳುಹಿಸಿರಿ" ಎಂಬ ಸೂಚನೆಗೆ ಲಘು ಗುರು ಹಾಕಿ ನೋಡಿದರೆ ಐದೈದು ಮಾತ್ರೆಗಳ ಎರಡು ಗಣಗಳು ದೊರೆಯುತ್ತವೆ. ಇದನ್ನು ಖಂಡ ನಡೆಯಲ್ಲಿ, ಎಂದರೆ ಐದೈದು ಎಣಿಕೆಯ ನಡೆಯಲ್ಲಿ, ಸ್ನೇರ್ ಡ್ರಮ್ಮಿಗೆ ಕೊಟ್ಟು, ಕ್ಲಾರಿನೆಟ್ಟುಗಳ ಸಾಲು ಇನ್ನೇನು ಮುಗಿಯಿತು ಎನ್ನುವಾಗ ಪ್ರತಿ ಬಾರಿಯೂ ಅದು ಅಡ್ಡ ಬರುವಂತೆ ಬರೆಯಿರಿ. ಒತ್ತಡವೆಂದರೆ ಗದ್ದಲವೆಂದು ತಿಳಿದು ಎಲ್ಲ ವಾದ್ಯಗಳನ್ನೂ ಒಟ್ಟಿಗೆ ಮೊಳಗಿಸುವುದು ನನಗೆ ಸರಿಯೆನಿಸುವುದಿಲ್ಲ. ಹಿಡಿದ ಕೆಲಸವನ್ನು ಮುಗಿಸಲು ಬಿಡದಿರುವುದೇ ಶಿಕ್ಷಕರ ಅನುಭವಕ್ಕೆ ಹೆಚ್ಚು ಹತ್ತಿರವಾದದ್ದು.

ಒತ್ತಡದ ಈ ಭಾಗಕ್ಕೆ ಶಿವರಂಜನಿ ರಾಗವನ್ನೂ ಭರವಸೆಯ ಭಾಗಕ್ಕೆ ಮೋಹನ ರಾಗವನ್ನೂ ಆರಿಸಿಕೊಳ್ಳಿ. ಎರಡರಲ್ಲಿಯೂ ಷಡ್ಜ, ಚತುಶ್ರುತಿ ರಿಷಭ, ಪಂಚಮ, ಚತುಶ್ರುತಿ ಧೈವತಗಳು ಒಂದೇ. ಶಿವರಂಜನಿಯ ಸಾಧಾರಣ ಗಾಂಧಾರವು ಮೋಹನದಲ್ಲಿ ಅದಕ್ಕಿಂತ ತುಸು ಮೇಲಿನ ಅಂತರ ಗಾಂಧಾರವಾಗುತ್ತದೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ನಡುವಿನ ಎಂಟು ಆವರ್ತನಗಳಲ್ಲಿ, ಎಂದರೆ ತಾಳದ ಎಂಟು ಸುತ್ತುಗಳಲ್ಲಿ, ಗಾಂಧಾರವನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಮುಂದೇನೆಂದು ಕೇಳುಗರಿಗೆ ತಿಳಿಯದ ಆ ಹೊತ್ತಿನಲ್ಲಿ ತಗ್ಗು ದನಿಯ ಹಿತ್ತಾಳೆ ವಾದ್ಯವಾದ ಯೂಫೋನಿಯಂ ಒಂಟಿಯಾಗಿ ಅಂತರ ಗಾಂಧಾರವನ್ನು ಮೆಲ್ಲನೆ ಹಿಡಿಯಲಿ. ಭಾಗಾಕಾರದ ಲೆಕ್ಕ ಬಿಡಿಸಿದ ಮಗುವಿನ "ಬಂತು ಮಿಸ್" ಎಂಬ ಕೂಗಿನಲ್ಲಿಯೂ ಐದೇ ಮಾತ್ರೆಗಳಿವೆ. ಅದನ್ನು ಅದೇ ಖಂಡ ನಡೆಯಲ್ಲಿ, ಅರ್ಧ ವೇಗದಲ್ಲಿ, ಕೊಳಲುಗಳಿಗೆ ಕೊಡಿ.

ಬ್ಯಾಂಡಿನಲ್ಲಿ ಒಂದೇ ಸ್ವರವನ್ನು ಬೇರೆ ಬೇರೆ ವಾದ್ಯಗಳ ಹಾಳೆಯಲ್ಲಿ ಬೇರೆ ಹೆಸರಿನಿಂದ ಬರೆಯಬೇಕಾಗುತ್ತದೆ. ಷಡ್ಜವನ್ನು ಪಾಶ್ಚಾತ್ಯ ಸ್ವರವಾದ ಬಿ ಫ್ಲಾಟಿನಲ್ಲಿ ಇಟ್ಟುಕೊಂಡರೆ ಬಿ ಫ್ಲಾಟ್ ಕ್ಲಾರಿನೆಟ್ ಮತ್ತು ಟ್ರಂಪೆಟ್ಟಿನವರ ಹಾಳೆಯಲ್ಲಿ ಅದು ಸಿ ಆಗಿಯೂ ಆಲ್ಟೊ ಸ್ಯಾಕ್ಸೊಫೋನಿನವರ ಹಾಳೆಯಲ್ಲಿ ಜಿ ಆಗಿಯೂ ಇರಬೇಕು. ಮದುವೆ ಮೆರವಣಿಗೆಗಳ ಬ್ಯಾಂಡ್ ಸೆಟ್ಟಿನಲ್ಲಿ ಕೇಳಿ ಕಲಿತ ಕಲಾವಿದರು ನಿಮ್ಮೊಂದಿಗಿದ್ದರೆ ಕನ್ನಡದಲ್ಲಿಯೇ ಸ್ವರ ಬರೆದುಕೊಡಿ. ದೀರ್ಘ ಸ್ವರಗಳಲ್ಲಿ ಎಲ್ಲರೂ ಒಮ್ಮೆಗೇ ಉಸಿರೆಳೆದುಕೊಂಡರೆ ನಾದ ತುಂಡಾಗುತ್ತದೆ. ಯಾರು ಎಲ್ಲಿ ಉಸಿರೆಳೆಯಬೇಕೆಂಬುದನ್ನು ಹಾಳೆಯಲ್ಲಿ ಮೊದಲೇ ಗುರುತಿಸಿ.

ಅಭ್ಯಾಸಕ್ಕೆ, ನೀವು ಮಾತನಾಡಿಸಿದ ಶಿಕ್ಷಕರನ್ನೇ ಕರೆದು ಕೂರಿಸಿ. ಭರವಸೆ ಬೇಗನೆ ಬಂದುಬಿಟ್ಟಿತು ಎಂದು ಅವರು ಹೇಳಿದರೆ, ಗಾಂಧಾರವನ್ನು ಇನ್ನೂ ನಾಲ್ಕು ಆವರ್ತನ ಮುಂದಕ್ಕೆ ಹಾಕಿ.