‘ಅಕ್ಕಾ, ಇದು ಈಗ ಬೇಡ’ ಎಂದು ಬಂದವಳ ಜೊತೆ ನಿಲ್ಲುವುದು ಹೇಗೆ?

ಮುಟ್ಟಿನ ದಿನ ದಾಟಿ ಎರಡು ವಾರ ಆಗಿದೆ. ಗರ್ಭ ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಬಂದಿವೆ. ತಂಗಿಯೋ, ಪಕ್ಕದ ಮನೆಯ ಸೊಸೆಯೋ ಬಂದು ‘ಅಕ್ಕಾ, ಇದು ಈಗ ಬೇಡ’ ಅನ್ನುತ್ತಾಳೆ.

ಮೊದಲು ಕಾರಣ ಕೇಳಬೇಡಿ. ‘ಕೂತ್ಕೋ, ನಾನಿದ್ದೀನಿ’ ಅಂದರೆ ಸಾಕು. ‘ದೇವರು ಕೊಟ್ಟಿದ್ದು’, ‘ಎಷ್ಟು ಜನ ಮಕ್ಕಳಿಗೆ ಹರಕೆ ಹೊರ್ತಾರೆ’ ಅಂದಿರೋ, ಅವಳು ಮತ್ತೆ ಬಾಯಿ ಬಿಡುವುದಿಲ್ಲ. ಯಾರಿಗೂ ಹೇಳದೆ ಮೆಡಿಕಲ್ ಶಾಪ್‌ನಿಂದ ಗರ್ಭಪಾತದ ಗುಳಿಗೆ ತಂದು ನುಂಗುತ್ತಾಳೆ. ನನಗೆ ಭಯ ಇರುವುದು ಅಲ್ಲೇ.

ಆಮೇಲೆ, ಅವಳೊಬ್ಬಳೇ ಇರುವಾಗ ಒಂದು ಮಾತು ಕೇಳಿ: ‘ಇದು ನಿನ್ನ ತೀರ್ಮಾನ ತಾನೆ? ಯಾರಾದ್ರೂ ಒತ್ತಾಯ ಮಾಡ್ತಿದಾರಾ?’ ಹೆಣ್ಣು ಅನ್ನುವ ಅನುಮಾನಕ್ಕೆ ಮನೆಯವರು ದೂಡುತ್ತಿರಬಹುದು. ಭ್ರೂಣದ ಲಿಂಗ ಪತ್ತೆ ಅಪರಾಧ. ಬಲವಂತ, ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಗೊಂದಲ ಇದ್ದರೆ ಒಂದೆರಡು ದಿನ ಯೋಚಿಸಲಿ. ಆದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸಿ ಇಟ್ಟುಕೊಳ್ಳಿ. ಗುಳಿಗೆಯಲ್ಲಿ ಮುಗಿಯುವುದು 9 ವಾರದವರೆಗೆ, ಅದೂ ಡಾಕ್ಟರ ನಿಗಾದಲ್ಲಿ.

ಕಾನೂನು ಗೊತ್ತಿದ್ದರೆ ಅವಳ ಅರ್ಧ ಭಯ ಇಳಿಯುತ್ತದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆ ಸಾಕು. 20ರಿಂದ 24 ವಾರದವರೆಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ಅವಕಾಶ, ಅದಕ್ಕೆ ಇಬ್ಬರು ಡಾಕ್ಟರ ಒಪ್ಪಿಗೆ ಬೇಕು. ಮದುವೆ ಆಗಿಲ್ಲ ಅಂತ ಗರ್ಭಪಾತ ನಿರಾಕರಿಸುವ ಹಾಗಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 18 ತುಂಬಿದವಳಿಗೆ ಅವಳ ಸಹಿಯೇ ಸಾಕು, ಗಂಡನದೂ ಬೇಡ, ಅತ್ತೆಯದೂ ಬೇಡ. 18 ಆಗಿರದಿದ್ದರೆ ಪೋಷಕರ ಒಪ್ಪಿಗೆ ಬೇಕು. ಅವಳ ಗುಟ್ಟು ಹೊರಗೆ ಬಿಟ್ಟ ಡಾಕ್ಟರಿಗೆ ಶಿಕ್ಷೆ ಇದೆ.

ಇನ್ನು ಆಸ್ಪತ್ರೆ. ದಾವಣಗೆರೆಯಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ವಿಚಾರಿಸಿ. ಚೀಟಿ ಮಾಡಿಸುವ ಸಾಲಿನಲ್ಲಿ ನೀವೇ ನಿಲ್ಲಿ, ಅವಳು ಕೂರಲಿ. ಕೆಲವು ವರ್ಷದ ಹಿಂದೆ ಗೆಳತಿ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಎಲ್ಲರ ಎದುರು ‘ಗಂಡ ಎಲ್ಲಿ?’ ಅಂತ ಕೂಗಿದರು. ಅವಳು ಸ್ಕ್ಯಾನ್ ವರದಿ ಇದ್ದ ಪ್ಲಾಸ್ಟಿಕ್ ಕವರನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದ್ದಳು. ಅವತ್ತು ನಾನು ಸುಮ್ನೆ ನಿಂತೆ. ಈಗಾದರೆ ‘ಸಿಸ್ಟರ್, ಸ್ವಲ್ಪ ಒಳಗೆ ಮಾತಾಡೋಣ’ ಅನ್ನುತ್ತೇನೆ. ನೀವೂ ಅನ್ನಿ. ಆಪ್ತಸಮಾಲೋಚಕಿ ಇದ್ದಾರಾ ಅಂತಲೂ ಕೇಳಿ. ಅವರ ಹತ್ತಿರ ಮಾತಾಡುವಾಗ ನೀವು ಹೊರಗಿರಿ. ನಿಮ್ಮೆದುರು ಆಡಲಾಗದ ಮಾತು ಅವಳಿಗೆ ಇರಬಹುದು, ಅಲ್ವಾ?

ಮನೆಗೆ ಬಂದ ಮೇಲೆ ಹೊಟ್ಟೆನೋವು, ರಕ್ತಸ್ರಾವ ಇರುತ್ತದೆ. ಗಂಟೆಗೆ ಎರಡು ಪ್ಯಾಡ್ ತೊಯ್ಯುವುದು ಎರಡು ಗಂಟೆಯಾದರೂ ನಿಲ್ಲದಿದ್ದರೆ, ಜ್ವರ ಅಥವಾ ಕೆಟ್ಟ ವಾಸನೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನಸ್ಸಿನದು ಬೇರೆ ಲೆಕ್ಕ. ಒಬ್ಬಳು ಅಳುತ್ತಾಳೆ, ಇನ್ನೊಬ್ಬಳು ‘ಸದ್ಯ ಮುಗೀತು’ ಅಂತ ಹಾಯಾಗಿ ಮಲಗುತ್ತಾಳೆ. ಎರಡೂ ಸರಿಯೇ. ಅಳದವಳನ್ನು ಕಲ್ಲು ಮನಸ್ಸಿನವಳು ಅನ್ನಬೇಡಿ. ಅಳುವವಳಿಗೆ ‘ಮರೆತುಬಿಡು’ ಅನ್ನಬೇಡಿ, ಬಿಸಿ ಅನ್ನ-ಸಾರು ಕೊಟ್ಟು ಪಕ್ಕ ಕೂರಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬೇಡ ಅಂದರೆ 14416ಕ್ಕೆ ಕರೆ ಮಾಡಿಸಿ. ಇದು ಟೆಲಿ ಮಾನಸ್, ಹಗಲು ರಾತ್ರಿ ಇರುವ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು. ‘ಸತ್ತೋಗ್ಬೇಕು’ ಅಂದರೆ ಅವಳನ್ನು ಒಬ್ಬಳೇ ಬಿಡಬೇಡಿ, ಆಗಲೇ ಕರೆ ಮಾಡಿ.

ಡಾಕ್ಟರು ಮತ್ತೆ ಬರಲು ಹೇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅವತ್ತೂ ಜೊತೆಗೆ ಹೋಗಿ. ನನ್ನ ಗೆಳತಿ ಆ ಎರಡನೇ ಸಲ ವಾಪಸ್ ಬರುವಾಗ ಬಸ್ಸಿನಲ್ಲಿ ಜಗಳೂರು ಬರುವ ತನಕ ಮಾತಾಡುತ್ತಲೇ ಇದ್ದಳು.